ವಿರೋಧ ಪಕ್ಷದ ಜಾರ್ಜ್

ಜಾರ್ಜ್ ಫರ್ನಾಂಡಿಸ್ ತೀರಿಕೊಂಡದ್ದು 2019ರ ಜನವರಿ 29ರಂದು, ದಿಲ್ಲಿಯಲ್ಲಿ. ಆಗ ಅವರಿಗೆ ಎಂಬತ್ತೆಂಟು ವರ್ಷ. ಅದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಮರೆವಿನ ಕಾಯಿಲೆ ಅವರನ್ನು ಸಾರ್ವಜನಿಕ ಬದುಕಿನಿಂದ ಎತ್ತಿಕೊಂಡು ಹೋಗಿತ್ತು. ಸಾವಿನ ಮರುದಿನ ಪತ್ರಿಕೆಗಳು ಹಲವು ಜಾರ್ಜ್‌ಗಳನ್ನು ನೆನಪಿಸಿಕೊಂಡವು. ಒಂದು ಪತ್ರಿಕೆಗೆ ಅವರು ರೈಲು ಮುಷ್ಕರದ ಜಾರ್ಜ್, ಇನ್ನೊಂದಕ್ಕೆ ಕಾರ್ಗಿಲ್ ಕಾಲದ ರಕ್ಷಣಾ ಸಚಿವ, ಕರಾವಳಿಯ ಪತ್ರಿಕೆಗಳಿಗೆ ಕೊಂಕಣ ರೈಲು ತಂದ ನಮ್ಮೂರ ಮಗ. ನಮ್ಮ ಮನೆಗಳಲ್ಲಿ ಮಾತ್ರ ನೆನಪು ಎರಡು ಹೋಳಾಗಿತ್ತು. ಹಿರಿಯರಿಗೆ ನೆನಪಾದದ್ದು ಬೇಡಿ ತೊಡಿಸಿದ ಕೈಯನ್ನು ಮೇಲೆತ್ತಿ ನಿಂತ 1977ರ ಪೋಸ್ಟರ್. ಕಿರಿಯರಿಗೆ ನೆನಪಾದದ್ದು 2002ರಲ್ಲಿ ಲೋಕಸಭೆಯಲ್ಲಿ ಗುಜರಾತಿನ ಬಗ್ಗೆ ಅವರು ಆಡಿದ ಮಾತು. ಇವೆರಡೂ ಒಬ್ಬನೇ ಮನುಷ್ಯನವು ಎಂಬುದನ್ನು ಹೇಗೆ ಅರ್ಥ ಮಾಡಿಕೊಳ್ಳುವುದು ಎಂಬ ಪ್ರಶ್ನೆ ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

ಅವರು ಹುಟ್ಟಿದ್ದು 1930ರ ಜೂನ್ 3ರಂದು, ಮಂಗಳೂರಿನ ಕೆಥೊಲಿಕ್ ಕುಟುಂಬವೊಂದರಲ್ಲಿ, ಆರು ಗಂಡುಮಕ್ಕಳಲ್ಲಿ ಹಿರಿಯರಾಗಿ. ಅದೇ ಜೂನ್ 3 ಬ್ರಿಟಿಷ್ ಚಕ್ರವರ್ತಿ ಐದನೇ ಜಾರ್ಜನ ಹುಟ್ಟಿದ ದಿನವೂ ಹೌದು. ತಾಯಿ ಆಲಿಸ್‌ಗೆ ಆ ರಾಜನ ಮೇಲೆ ಅಭಿಮಾನ. ಹಾಗಾಗಿ ಮಗನಿಗೆ ಅವನ ಹೆಸರು. ಸಾಮ್ರಾಟನ ಹೆಸರು ಹೊತ್ತ ಈ ಮಗು ಮುಂದೆ ಯಾವ ಸಿಂಹಾಸನವನ್ನೂ ನೆಮ್ಮದಿಯಿಂದ ಇರಗೊಡಲಿಲ್ಲ.

ಹದಿನಾರನೇ ವಯಸ್ಸಿಗೆ, 1946ರಲ್ಲಿ, ಪಾದ್ರಿಯಾಗಲೆಂದು ಅವರನ್ನು ಬೆಂಗಳೂರಿನ ಸೇಂಟ್ ಪೀಟರ್ಸ್ ಸೆಮಿನರಿಗೆ ಕಳುಹಿಸಲಾಯಿತು. ಎರಡು ವರ್ಷ ಲ್ಯಾಟಿನ್, ತತ್ವಶಾಸ್ತ್ರ ಎಲ್ಲ ಓದಿದರು. ಆದರೆ ಊಟದ ಮನೆ ಅವರನ್ನು ಅಲ್ಲಿ ನಿಲ್ಲಗೊಡಲಿಲ್ಲ. ಗುರುಗಳು ಎತ್ತರದ ಮೇಜಿನಲ್ಲಿ ಕುಳಿತು ಒಳ್ಳೆಯ ಊಟ ಮಾಡುತ್ತಿದ್ದರು, ವಿದ್ಯಾರ್ಥಿಗಳಿಗೆ ಬೇರೆ ಮೇಜು, ಬೇರೆ ಊಟ. ದೇವರ ಮುಂದೆ ಎಲ್ಲರೂ ಸಮಾನರು ಎಂದು ಬೋಧಿಸುವ ಮನೆಯಲ್ಲೇ ಹೀಗೇಕೆ ಎಂದು ಹುಡುಗನಿಗೆ ಅನ್ನಿಸಿತು. ಅವರು ಹೊರಬಂದರು. ತಾವು ಸಮಾಜವಾದಿಯಾದದ್ದು ಯಾವ ಪುಸ್ತಕದಿಂದಲೂ ಅಲ್ಲ, ಊಟದ ಪಂಕ್ತಿಯಿಂದ ಎಂಬ ಅರ್ಥದ ಮಾತನ್ನು ಅವರು ಬಹಳ ಕಡೆ ಹೇಳಿಕೊಂಡಿದ್ದಾರೆ. ಪಂಕ್ತಿಭೇದ ಗೊತ್ತಿರುವ ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಂಗಳೂರಿಗೆ ಮರಳಿ ಹೋಟೆಲ್ ಮತ್ತು ಸಾರಿಗೆ ಕಾರ್ಮಿಕರ ನಡುವೆ ಸ್ವಲ್ಪ ಕಾಲ ಓಡಾಡಿದರು. ಆಮೇಲೆ ಕರಾವಳಿಯ ಸಾವಿರಾರು ಹುಡುಗರಂತೆ ಕೆಲಸ ಹುಡುಕುತ್ತ ಮುಂಬಯಿಗೆ ಹೊರಟರು. ಚೌಪಾಟಿಯ ಬೆಂಚುಗಳ ಮೇಲೆ ಮಲಗಿದ್ದು, ನಡುರಾತ್ರಿ ಪೊಲೀಸರು ಬಂದು ಎಬ್ಬಿಸಿ ಓಡಿಸುತ್ತಿದ್ದದ್ದು, ಕೊನೆಗೊಂದು ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿದ್ದು ಎಲ್ಲವೂ ಅವರೇ ಹೇಳಿಕೊಂಡ ವಿವರಗಳು. ಅಲ್ಲಿ ಇಬ್ಬರು ಅವರ ದಾರಿಯನ್ನು ನಿರ್ಧರಿಸಿದರು. ಒಬ್ಬರು ಡಾ. ರಾಮಮನೋಹರ ಲೋಹಿಯಾ. ಇನ್ನೊಬ್ಬರು ಬಂದರು ಕಾರ್ಮಿಕರ ನಾಯಕ ಪಿ. ಡಿ'ಮೆಲ್ಲೊ, ನಮ್ಮ ಕರಾವಳಿ ಕಡೆಯವರೇ. ಮುಂಬಯಿ ಬಂದರಿನ ಪಕ್ಕದ ದೊಡ್ಡ ರಸ್ತೆಗೆ ಇಂದಿಗೂ ಅವರ ಹೆಸರಿದೆ. ಲೋಹಿಯಾ ವಿಚಾರ ಕೊಟ್ಟರು, ಡಿ'ಮೆಲ್ಲೊ ಕೆಲಸ ಕಲಿಸಿದರು. 1958ರಲ್ಲಿ ಡಿ'ಮೆಲ್ಲೊ ತೀರಿಕೊಂಡ ಮೇಲೆ ಆ ಭಾರವೂ ಜಾರ್ಜ್ ಹೆಗಲಿಗೆ ಬಂತು.

ಸಂಘಟನೆಯೇ ಇಲ್ಲದವರನ್ನು ಸಂಘಟಿಸುವುದರಲ್ಲಿ ಜಾರ್ಜ್‌ಗೆ ವಿಶೇಷ ಕೈಗುಣವಿತ್ತು. ಗಿರಣಿ ಕಾರ್ಮಿಕರಿಗೆ ಆಗಲೇ ಯೂನಿಯನ್‌ಗಳಿದ್ದವು. ಹೋಟೆಲಿನ ಮಾಣಿಗಳು, ನಗರಪಾಲಿಕೆಯ ಕಸ ಗುಡಿಸುವವರು, ಟ್ಯಾಕ್ಸಿ ಓಡಿಸುವವರು ಇವರನ್ನೆಲ್ಲ ಕೇಳುವವರು ಕಡಿಮೆ. ಟ್ಯಾಕ್ಸಿ ಚಾಲಕರಲ್ಲಿ ಉತ್ತರ ಪ್ರದೇಶದ ಮುಸ್ಲಿಮರೂ ಪಂಜಾಬಿನ ಸಿಖ್ಖರೂ ಇದ್ದರು. ಹೋಟೆಲುಗಳಲ್ಲಿ ಉಡುಪಿ, ಕುಂದಾಪುರದ ಹುಡುಗರು. ಕೊಂಕಣಿ, ತುಳು, ಕನ್ನಡ, ಮರಾಠಿ, ಹಿಂದಿ, ಉರ್ದು ಹೀಗೆ ಯಾರ ಜೊತೆ ಯಾವ ಮಾತು ಬೇಕೋ ಆ ಮಾತಿನಲ್ಲೇ ಜಾರ್ಜ್ ಮಾತಾಡಬಲ್ಲವರಾಗಿದ್ದರು. ಕೂಲಿಕಾರರಿಗೆ ಸಾಲ ಕೊಡುವ ಬ್ಯಾಂಕಿಲ್ಲ ಎಂದು 1968ರಲ್ಲಿ ಒಂದು ಕಾರ್ಮಿಕ ಸಹಕಾರಿ ಬ್ಯಾಂಕನ್ನೂ ಕಟ್ಟಿದರು. (ಆ ಬ್ಯಾಂಕು ಮುಂದೆ ನ್ಯೂ ಇಂಡಿಯಾ ಸಹಕಾರಿ ಬ್ಯಾಂಕ್ ಎಂದಾಗಿ, ಕೊನೆಗೆ ಹಣ ದುರುಪಯೋಗದ ಹಗರಣದಲ್ಲಿ ಸಿಲುಕಿ, 2025ರಲ್ಲಿ ಇನ್ನೊಂದು ಬ್ಯಾಂಕಿನಲ್ಲಿ ವಿಲೀನವಾಯಿತು. ಸಂಸ್ಥೆಗಳಿಗೂ ಮನುಷ್ಯರ ಹಾಗೆಯೇ ಮುಪ್ಪು ಬರುತ್ತದೆ.)

1967ರ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಿಂದ ಅವರು ಎಸ್.ಕೆ. ಪಾಟೀಲರ ಎದುರು ನಿಂತರು. ಪಾಟೀಲ್ ಎಂದರೆ ಆಗ ಮುಂಬಯಿಯ ಕಿರೀಟವಿಲ್ಲದ ರಾಜ. ಕೇಂದ್ರ ಸಚಿವ, ಕಾಂಗ್ರೆಸ್ಸಿನ ಹಣದ ಪೆಟ್ಟಿಗೆಯ ಕೀಲಿಕೈ. ಜಾರ್ಜ್ ಬರೀ ಪಾಲಿಕೆ ಸದಸ್ಯ. ಪಾಟೀಲರನ್ನು ಸೋಲಿಸಲು ನಿಮ್ಮಿಂದ ಸಾಧ್ಯ ಎಂದು ಮತದಾರರಿಗೆ ಹೇಳುವುದೇ ಜಾರ್ಜ್ ಬಳಗದ ಪ್ರಚಾರವಾಗಿತ್ತು. ಮತದಾರರು ಅದನ್ನು ಮಾಡಿಯೂ ತೋರಿಸಿದರು. ದಕ್ಷಿಣದವರನ್ನು ಓಡಿಸಿ ಎಂಬ ಕೂಗಿನೊಂದಿಗೆ ಶಿವಸೇನೆ ಹುಟ್ಟಿದ್ದು ಅದರ ಹಿಂದಿನ ವರ್ಷ, 1966ರಲ್ಲಿ. ಮಂಗಳೂರಿನ ಈ ಮನುಷ್ಯ ಮುಂಬಯಿಯ ನಡುಮಧ್ಯೆ ಗೆದ್ದದ್ದನ್ನು ಅದರ ಜೊತೆಗಿಟ್ಟು ನೋಡಬೇಕು.

ಅದೇ ವರ್ಷ ಉತ್ತರ ಭಾರತದಲ್ಲಿ ಇನ್ನೊಂದು ಬೆಳವಣಿಗೆ ನಡೆದಿತ್ತು, ಅದು ಈ ಕತೆಗೆ ಮುಖ್ಯ. ಕಾಂಗ್ರೆಸ್ಸನ್ನು ಸೋಲಿಸಬೇಕಾದರೆ ವಿರೋಧಿಗಳೆಲ್ಲ ಒಂದಾಗಬೇಕು ಎಂಬ ಸೂತ್ರವನ್ನು ಲೋಹಿಯಾ 1963ರ ಹೊತ್ತಿಗೇ ಮುಂದಿಟ್ಟಿದ್ದರು. ಆ ವರ್ಷದ ಉಪಚುನಾವಣೆಗಳಲ್ಲಿ ಜನಸಂಘದ ದೀನದಯಾಳ ಉಪಾಧ್ಯಾಯರ ಪರವಾಗಿ ಜೌನ್‌ಪುರದಲ್ಲಿ ಸ್ವತಃ ಪ್ರಚಾರ ಮಾಡಿದರು. 1967ರಲ್ಲಿ ಬಿಹಾರದಲ್ಲಿ ಸಮಾಜವಾದಿಗಳು, ಜನಸಂಘ, ಕಮ್ಯುನಿಸ್ಟರು ಎಲ್ಲ ಸೇರಿ ಸರ್ಕಾರ ಮಾಡಿದರು. ಉರ್ದುವಿಗೆ ಎರಡನೇ ಅಧಿಕೃತ ಭಾಷೆಯ ಸ್ಥಾನ ಕೊಡುವ ಮಾತು ಬಂದಾಗ ಆ ಕೂಟದ ಒಳಗಿನ ಬಿರುಕು ಹೊರಬಿತ್ತು. ಉರ್ದು ವಿರೋಧಿ ಮೆರವಣಿಗೆಯಿಂದ ಹೊತ್ತಿಕೊಂಡ ಬೆಂಕಿ ಆಗಸ್ಟ್‌ನಲ್ಲಿ ರಾಂಚಿಯನ್ನು ಸುಟ್ಟಿತು. ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು. ಅಕ್ಟೋಬರಿನಲ್ಲಿ ಲೋಹಿಯಾ ತೀರಿಕೊಂಡರು. ಸೂತ್ರ ಬರೆದವರಿಗೆ ಅದನ್ನು ತಿದ್ದುವಷ್ಟು ಆಯುಷ್ಯ ಸಿಗಲಿಲ್ಲ. ಶಿಷ್ಯರು ಅದನ್ನು ಹಾಗೆಯೇ ಹೊತ್ತುಕೊಂಡು ನಡೆದರು.

1974ರ ರೈಲು ಮುಷ್ಕರದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಏಕೆಂದರೆ ಜಾರ್ಜ್ ಅವರ ಶಕ್ತಿ ಮತ್ತು ಮಿತಿ ಎರಡೂ ಕಾಣುವುದು ಅಲ್ಲಿಯೇ. ಎಂಜಿನ್ ಓಡಿಸುವವರಿಗೆ ಆಗ ಕೆಲಸದ ಹೊತ್ತಿಗೆ ಲೆಕ್ಕವಿರಲಿಲ್ಲ. ಮನೆ ಬಿಟ್ಟವನು ಮತ್ತೆ ಮನೆ ಸೇರುವುದು ಯಾವಾಗ ಎಂದು ಹೆಂಡತಿ ಮಕ್ಕಳಿಗೂ ಗೊತ್ತಿರುತ್ತಿರಲಿಲ್ಲ. ಎಂಟು ಗಂಟೆಯ ದಿನ, ಬೋನಸ್ಸು, ಇತರ ಸಾರ್ವಜನಿಕ ಉದ್ಯಮಗಳ ನೌಕರರಿಗೆ ಸಮನಾದ ಸಂಬಳ ಇವು ಮುಖ್ಯ ಬೇಡಿಕೆಗಳು. 1973ರಲ್ಲಿ ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟದ ಅಧ್ಯಕ್ಷರಾದ ಜಾರ್ಜ್, ಚೂರುಚೂರಾಗಿದ್ದ ಯೂನಿಯನ್‌ಗಳನ್ನು ಒಂದು ಸಮನ್ವಯ ಸಮಿತಿಯಡಿ ತಂದರು. ಮಾತುಕತೆ ನಡೆಯುತ್ತಿದ್ದಾಗಲೇ ಮೇ 2ರ ಬೆಳಗಿನ ಜಾವ ಲಕ್ನೋದಲ್ಲಿ ಅವರನ್ನು ಬಂಧಿಸಿದರು. ಮೇ 8ಕ್ಕೆ ಮುಷ್ಕರ ಆರಂಭವಾಯಿತು. ಹದಿನೇಳು ಲಕ್ಷದಷ್ಟು ನೌಕರರ ಇಲಾಖೆ ಅದು. ಸ್ವತಂತ್ರ ಭಾರತ ಅಷ್ಟು ದೊಡ್ಡ ಮುಷ್ಕರವನ್ನು ಕಂಡಿರಲಿಲ್ಲ. ಸರ್ಕಾರ ಸಾವಿರಾರು ಜನರನ್ನು ಜೈಲಿಗೆ ತಳ್ಳಿತು, ಕೆಲಸದಿಂದ ವಜಾ ಮಾಡಿತು. ರೈಲ್ವೆ ಕ್ವಾರ್ಟರ್ಸ್‌ಗಳಿಂದ ಹೆಂಗಸರು ಮಕ್ಕಳನ್ನು ಪಾತ್ರೆ ಪಗಡಿ ಸಮೇತ ಬೀದಿಗೆ ಹಾಕಿತು. ಇಪ್ಪತ್ತು ದಿನಗಳಲ್ಲಿ, ಮೇ 27ರಂದು, ಮುಷ್ಕರ ಬೇಷರತ್ತಾಗಿ ಮುಗಿಯಿತು.

ಬೇಡಿಕೆಯ ಲೆಕ್ಕದಲ್ಲಿ ಅದು ಸೋಲು. ಹೋರಾಟವನ್ನು ಎಲ್ಲಿ ನಿಲ್ಲಿಸಬೇಕು, ಎಷ್ಟು ಸಿಕ್ಕರೆ ಸಾಕು ಎಂಬ ಅಳತೆ ಜಾರ್ಜ್ ಬಳಿ ಇರಲಿಲ್ಲ ಎಂದು ಆಗಿನ ಕೆಲವು ಯೂನಿಯನ್ ನಾಯಕರೇ ದೂರಿದರು. ನಮಗೆ ಆ ದೂರಿನಲ್ಲಿ ಸತ್ಯವಿದೆ ಎನಿಸುತ್ತದೆ. ಆದರೆ ಸರ್ಕಾರ ಒಬ್ಬ ಮನುಷ್ಯನಿಗೆ ನಿಜವಾಗಿ ಹೆದರಿದ್ದೂ ಆಗಲೇ. ಮರುವರ್ಷವೇ ತುರ್ತುಪರಿಸ್ಥಿತಿ ಬಂತು.

1975ರ ಜೂನ್ 25ರ ರಾತ್ರಿ ಜಾರ್ಜ್ ಒರಿಸ್ಸಾದ ಗೋಪಾಲಪುರದಲ್ಲಿದ್ದರು, ಪತ್ನಿ ಲೈಲಾ ಕಬೀರ್ ಜೊತೆ. ಲೈಲಾ ಬಂಗಾಳದ ಚಿಂತಕ, ನೆಹರೂ ಸಂಪುಟದ ಮಂತ್ರಿಯಾಗಿದ್ದ ಹುಮಾಯೂನ್ ಕಬೀರರ ಮಗಳು. ಸುದ್ದಿ ತಿಳಿದ ಜಾರ್ಜ್ ಅಲ್ಲಿಂದಲೇ ಭೂಗತರಾದರು. ಗಡ್ಡ ಬೆಳೆಸಿ, ಪೇಟ ಸುತ್ತಿ, ಸರದಾರ್ಜಿಯ ವೇಷದಲ್ಲಿ ಹೆಚ್ಚು ಕಡಿಮೆ ಒಂದು ವರ್ಷ ದೇಶ ಸುತ್ತಿದರು. ಬರೋಡಾದ ಹತ್ತಿರದ ಕಲ್ಲುಕ್ವಾರಿಗಳಿಂದ ಡೈನಮೈಟ್ ಸಂಗ್ರಹಿಸಿ ರೈಲು ಹಳಿ, ಸೇತುವೆಗಳನ್ನು ಸ್ಫೋಟಿಸಲು ಸಂಚು ಮಾಡಿದರು ಎಂಬುದು ಅವರ ಮತ್ತು ಸಂಗಡಿಗರ ಮೇಲೆ ಸಿಬಿಐ ಹೊರಿಸಿದ ಆರೋಪ. ಮೈಸೂರು ರಾಜ್ಯದಿಂದ ರಾಜ್ಯಸಭೆಗೆ ಹೋಗಿದ್ದ ಸಮಾಜವಾದಿ ಸಿ.ಜಿ.ಕೆ. ರೆಡ್ಡಿಯವರೂ ಆ ಆರೋಪಿಗಳ ಪಟ್ಟಿಯಲ್ಲಿದ್ದರು. ಮುಂದೆ ಆ ಮೊಕದ್ದಮೆಯ ಬಗ್ಗೆ ಅವರು ಪುಸ್ತಕವನ್ನೇ ಬರೆದರು. ಸತ್ಯಾಗ್ರಹದ ಪರಂಪರೆಯಿಂದ ಬಂದವರು ಡೈನಮೈಟಿಗೆ ಕೈ ಹಾಕಬಹುದೇ ಎಂಬ ತಕರಾರು ಸಮಾಜವಾದಿಗಳೊಳಗೇ ಇತ್ತು. ಜೀವಹಾನಿಯಾಗದಂತೆ ಸರ್ಕಾರವನ್ನು ಅಲುಗಿಸುವುದಷ್ಟೇ ಉದ್ದೇಶ ಎಂಬುದು ಜಾರ್ಜ್ ಪಕ್ಷದ ಉತ್ತರ.

ಜಾರ್ಜ್ ಸಿಗದಿದ್ದಾಗ ಅದರ ಬೆಲೆ ತೆತ್ತವರು ಬೆಂಗಳೂರಿನವರು. 1976ರ ಮೇ 1ರಂದು ಅವರ ತಮ್ಮ ಲಾರೆನ್ಸ್‌ರನ್ನು ಬೆಂಗಳೂರಿನ ಮನೆಯಿಂದ ಪೊಲೀಸರು ಎಳೆದೊಯ್ದರು. ಅಣ್ಣ ಎಲ್ಲಿದ್ದಾನೆ ಹೇಳು ಎಂದು ದಿನಗಟ್ಟಲೆ ಹೊಡೆದರು. ಲಾರೆನ್ಸ್ ಆಮೇಲೆ ಮೊದಲಿನ ಆರೋಗ್ಯಕ್ಕೆ ಮರಳಲೇ ಇಲ್ಲ. ಇನ್ನೊಬ್ಬ ತಮ್ಮ ಮೈಕೇಲ್ ಆಗಲೇ ಜೈಲಿನಲ್ಲಿದ್ದರು. ತಾಯಿ ಆಲಿಸ್ ಪತ್ರ ಬರೆದು ಮಗನ ಗತಿ ಏನಾಯಿತೆಂದು ಕೇಳಿದರು. ಮರುದಿನ ಮೇ 2ರಂದು 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ಕನ್ನಡಿಗರಿಗೆ ಗೊತ್ತಿದ್ದ ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು. ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಎಂಟು ತಿಂಗಳು ಬೆಂಗಳೂರು ಜೈಲಿನ ಕೋಣೆಯಲ್ಲಿ ಕೂಡಿಟ್ಟರು. ಅವರಿಗೆ ತೀವ್ರ ಆಸ್ತಮಾ. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು, ಐದೇ ದಿನಕ್ಕೆ ತೀರಿಕೊಂಡರು. ತುರ್ತುಪರಿಸ್ಥಿತಿ ಕರ್ನಾಟಕದಲ್ಲಿ ಸೌಮ್ಯವಾಗಿತ್ತು ಎಂದು ಹೇಳುವವರು ಈ ಎರಡು ಹೆಸರುಗಳನ್ನು ಬಿಟ್ಟು ಹೇಳುತ್ತಾರೆ.

ಜಾರ್ಜ್ 1976ರ ಜೂನ್ 10ರಂದು ಕಲ್ಕತ್ತಾದಲ್ಲಿ ಸಿಕ್ಕಿಬಿದ್ದರು, ಚರ್ಚೊಂದರ ಆವರಣದಲ್ಲಿ. ಅವರನ್ನು ಗುಟ್ಟಾಗಿ ಮುಗಿಸಿಬಿಡಬಹುದೆಂಬ ಭಯದಿಂದ ಯುರೋಪಿನ ಸಮಾಜವಾದಿ ನಾಯಕರು ಇಂದಿರಾ ಗಾಂಧಿಯವರಿಗೆ ಮನವಿ ಕಳುಹಿಸಿದರು. 1977ರ ಚುನಾವಣೆಗೆ ತಿಹಾರ್ ಜೈಲಿನಿಂದಲೇ, ಅವರಿಗೇನೂ ಪರಿಚಯವಿಲ್ಲದ ಬಿಹಾರದ ಮುಜಫ್ಫರ್‌ಪುರಕ್ಕೆ ನಾಮಪತ್ರ ಹಾಕಿದರು. ಪ್ರಚಾರಕ್ಕೆ ಹೋದದ್ದು ಆ ಬೇಡಿಯ ಫೋಟೊ ಮಾತ್ರ. ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ಆ ಚುನಾವಣೆಯಲ್ಲಿ ಉತ್ತರ ಭಾರತದ ಮುಸ್ಲಿಮರು ಕಾಂಗ್ರೆಸ್ಸಿನಿಂದ ಒಟ್ಟಾಗಿ ದೂರ ಸರಿದರು. ತುರ್ಕಮಾನ್ ಗೇಟ್‌ನ ಬುಲ್ಡೋಜರುಗಳು, ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗಳು ಅದಕ್ಕೆ ಕಾರಣ. ಇನ್ನೊಂದು ಸಂಗತಿಯೂ ಇದೆ. 1975ರ ಜುಲೈಯಲ್ಲಿ ಆರ್‌ಎಸ್‌ಎಸ್ ಮತ್ತು ಜಮಾಅತೆ ಇಸ್ಲಾಮಿ ಎರಡನ್ನೂ ಸರ್ಕಾರ ಒಂದೇ ಏಟಿಗೆ ನಿಷೇಧಿಸಿತ್ತು. ಒಂದೇ ಜೈಲಿನಲ್ಲಿ ಸಂಘದ ಸ್ವಯಂಸೇವಕರು, ಜಮಾಅತಿನವರು, ಸಮಾಜವಾದಿಗಳು ತಿಂಗಳುಗಟ್ಟಲೆ ಒಟ್ಟಿಗೆ ಕಳೆದರು. ಹೊರಬಂದಾಗ ಹಳೆಯ ಗೋಡೆಗಳು ಬಿದ್ದುಹೋಗಿವೆ ಎಂದು ಬಹಳ ಜನ ಪ್ರಾಮಾಣಿಕವಾಗಿ ನಂಬಿದರು. ಜಾರ್ಜ್ ಕೂಡ ನಂಬಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಕೈಗಾರಿಕಾ ಸಚಿವರಾಗಿ ಅವರು ಕೋಕಾ ಕೋಲಾವನ್ನೂ ಐಬಿಎಮ್ಮನ್ನೂ ಓಡಿಸಿದ ಕತೆ ಎಲ್ಲರಿಗೂ ಗೊತ್ತು. ವಿದೇಶಿ ಕಂಪೆನಿಗಳು ತಮ್ಮ ಪಾಲನ್ನು ಶೇ. 40ಕ್ಕೆ ಇಳಿಸಬೇಕೆಂಬ ಕಾನೂನು ಇಂದಿರಾ ಕಾಲದ್ದೇ, 1973ರದ್ದು; ಜಾರ್ಜ್ ಅದನ್ನು ಜಾರಿ ಮಾಡಿದರು, ಅಷ್ಟೇ. ಕೋಲಾದ ಬದಲಿಗೆ ಸರ್ಕಾರ 'ಡಬಲ್ ಸೆವೆನ್' ಎಂಬ ಪಾನೀಯ ತಂದಿತು. ಅದನ್ನು ಕುಡಿದವರು ಯಾರೂ ಹೊಗಳಿದ್ದು ನಾವು ಕೇಳಿಲ್ಲ. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರ ಪರವಾಗಿ, ಇಂದಿರಾ ವಿರುದ್ಧ, ಕಾಫಿ ತೋಟಗಳ ನಡುವೆ ಬಂದು ಪ್ರಚಾರ ಮಾಡಿದರು. ಇಂದಿರಾ ಗೆದ್ದರು.

1979ರ ಜುಲೈಯ ಘಟನೆ ಅವರ ಹೆಸರಿಗೆ ಅಂಟಿಕೊಂಡ ಮೊದಲ ಕಪ್ಪು ಚುಕ್ಕೆ. ಅವಿಶ್ವಾಸ ನಿರ್ಣಯದ ಚರ್ಚೆಯಲ್ಲಿ ಮೊರಾರ್ಜಿ ಸರ್ಕಾರದ ಪರವಾಗಿ ಎರಡು ಗಂಟೆಗೂ ಮೀರಿ ಅದ್ಭುತವಾಗಿ ವಾದಿಸಿದರು. ಕೆಲವೇ ದಿನಗಳಲ್ಲಿ ಅದೇ ಸರ್ಕಾರಕ್ಕೆ ರಾಜೀನಾಮೆ ಕೊಟ್ಟು ಹೊರನಡೆದರು. ಜನತಾ ಪಕ್ಷದಲ್ಲಿದ್ದುಕೊಂಡೇ ಆರ್‌ಎಸ್‌ಎಸ್ ಸದಸ್ಯರಾಗಿರಬಹುದೇ ಎಂಬ ದ್ವಿಸದಸ್ಯತ್ವದ ಪ್ರಶ್ನೆಯನ್ನು ಎತ್ತಿದವರು ಅವರ ಗೆಳೆಯ ಮಧು ಲಿಮಯೆ. ಜಾರ್ಜ್ ಕೊನೆಗೆ ಲಿಮಯೆ ಪಕ್ಕ ನಿಂತರು. ಜನ ನಗುವಂತಾಯಿತು, ನಿಜ. ಆದರೆ ಒಂದು ಮಾತು ಹೇಳಬೇಕು: ಪ್ರಶ್ನೆ ಸರಿಯಾದದ್ದೇ ಆಗಿತ್ತು. ಅದಕ್ಕೆ 1979ರಲ್ಲಿ ಜಾರ್ಜ್ ಕೊಟ್ಟ ಉತ್ತರವನ್ನು ಹದಿನಾರು ವರ್ಷಗಳ ನಂತರದ ಜಾರ್ಜ್ ಮರೆತರು.

ನಡುವಿನ ಕಾಲವನ್ನು ಬೇಗ ಹೇಳಿಬಿಡೋಣ. 1984ರಲ್ಲಿ ಬೆಂಗಳೂರು ಉತ್ತರದಿಂದ ಸ್ಪರ್ಧಿಸಿ ಸಿ.ಕೆ. ಜಾಫರ್ ಷರೀಫರೆದುರು ಸೋತರು. ಆಮೇಲೆ ಇಬ್ಬರೂ ರೈಲ್ವೆ ಮಂತ್ರಿಗಳಾದರು, ಮೊದಲು ಜಾರ್ಜ್, ನಂತರ ಷರೀಫ್. ವಿ.ಪಿ. ಸಿಂಗ್ ಸರ್ಕಾರದ ಅಲ್ಪಾವಧಿಯಲ್ಲಿ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಗಿ ಇ. ಶ್ರೀಧರನ್ ಅದರ ಮುಖ್ಯಸ್ಥರಾದರು. 1998ರಲ್ಲಿ ಪೂರ್ಣವಾದ ಆ ಹಳಿಯ ಮೇಲೆ ಇಂದು ರಾತ್ರಿ ಮಲಗಿ ಬೆಳಿಗ್ಗೆ ಮುಂಬಯಿಯಲ್ಲಿ ಇಳಿಯುವ ಕರಾವಳಿಯ ಹುಡುಗರು, ಬಸ್ಸಿನಲ್ಲೋ ಹಡಗಿನಲ್ಲೋ ಹೋಗುತ್ತಿದ್ದ ತಮ್ಮ ಅಜ್ಜಂದಿರ ಪಾಡನ್ನು ಊಹಿಸಲಾರರು. ಅದೇ 1990ರಲ್ಲಿ ಕಾಶ್ಮೀರ ಹೊತ್ತಿ ಉರಿಯುತ್ತಿದ್ದಾಗ ಅಲ್ಲಿನ ವ್ಯವಹಾರಗಳ ಹೊಣೆಯನ್ನೂ ಜಾರ್ಜ್‌ಗೆ ಕೊಟ್ಟಿದ್ದರು. ರಾಜ್ಯಪಾಲ ಜಗಮೋಹನರ ಕಠಿಣ ನೀತಿಗೆ ಎದುರಾಗಿ ಅವರು ಮಾತುಕತೆಯ ದಾರಿ ಹುಡುಕಿದರು. ಕೆಲವೇ ತಿಂಗಳಲ್ಲಿ ಆ ಹೊಣೆ ಕೈಬಿಟ್ಟಿತು.

ಬಾಬರಿ ಮಸೀದಿ ಉರುಳಿದ್ದು 1992ರ ಡಿಸೆಂಬರ್‌ನಲ್ಲಿ. 1994ರಲ್ಲಿ ಜಾರ್ಜ್, ನಿತೀಶ್ ಕುಮಾರ್ ಜನತಾ ದಳವನ್ನು ಒಡೆದು ಸಮತಾ ಪಕ್ಷ ಕಟ್ಟಿದರು. 1995ರ ಬಿಹಾರ ಚುನಾವಣೆಯಲ್ಲಿ ಲಾಲೂ ಪ್ರಸಾದರೆದುರು ನಿಂತು ಏಳೇ ಸ್ಥಾನ ಪಡೆದರು. 1996ರ ಲೋಕಸಭಾ ಚುನಾವಣೆಗೆ ಬಿಜೆಪಿಯ ಕೈ ಹಿಡಿದರು. ಮಸೀದಿ ಬಿದ್ದು ನಾಲ್ಕು ವರ್ಷವೂ ತುಂಬಿರಲಿಲ್ಲ. ಇದರಲ್ಲಿ ಸಿದ್ಧಾಂತದ ಪಾಲೆಷ್ಟು, ಪಾಟ್ನಾದ ಲೆಕ್ಕಾಚಾರದ ಪಾಲೆಷ್ಟು? ಕಾಂಗ್ರೆಸ್ಸೇ ಮುಖ್ಯ ಶತ್ರು ಎಂಬ ಲೋಹಿಯಾ ಸೂತ್ರವನ್ನು ಅವರು ಕೊನೆಯವರೆಗೂ ಉದ್ಧರಿಸುತ್ತಿದ್ದರು. ಆದರೆ ಆ ಸೂತ್ರ ಹುಟ್ಟಿದ್ದು ಕಾಂಗ್ರೆಸ್ ಒಂದೇ ಮರವಾಗಿ ದೇಶವನ್ನೆಲ್ಲ ಕವಿದಿದ್ದಾಗ. 1996ರ ಹೊತ್ತಿಗೆ ಆ ಮರ ಟೊಳ್ಳಾಗಿತ್ತು, ಬಿಹಾರದಲ್ಲಂತೂ ಬೇರು ಸಮೇತ ಒಣಗಿತ್ತು. ಔಷಧಿ ಮಾತ್ರ ಹಳೆಯದೇ ಉಳಿಯಿತು.

ಇದು ಜಾರ್ಜ್ ಒಬ್ಬರ ಕತೆಯೂ ಅಲ್ಲ. ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ ಲೋಹಿಯಾವಾದಿ ಜೆ.ಎಚ್. ಪಟೇಲರು 1999ರಲ್ಲಿ ಮುಖ್ಯಮಂತ್ರಿಯಾಗಿದ್ದಾಗಲೇ ಜಾರ್ಜ್, ರಾಮಕೃಷ್ಣ ಹೆಗಡೆಯವರ ಜೊತೆ ಸೇರಿ ಎನ್‌ಡಿಎ ಕಡೆ ವಾಲಿದರು. ಅಲ್ಲಿಗೆ ಕರ್ನಾಟಕದ ಜನತಾ ದಳ ಇಬ್ಭಾಗವಾಯಿತು. ಅದೇ ಸಮಾಜವಾದಿ ಗರಡಿಯ ಬಂಗಾರಪ್ಪನವರು 2004ರಲ್ಲಿ ಬಿಜೆಪಿ ಟಿಕೆಟಿನ ಮೇಲೆ ಶಿವಮೊಗ್ಗದಿಂದ ಗೆದ್ದರು. ವರ್ಷದೊಳಗೆ ಹೊರಬಂದರು ಎಂಬುದನ್ನೂ ಹೇಳಬೇಕು. ಮಲೆನಾಡು, ಕರಾವಳಿಗಳಲ್ಲಿ ಸಮಾಜವಾದಿಗಳು ಕಾಂಗ್ರೆಸ್ ವಿರುದ್ಧ ಹದ ಮಾಡಿಟ್ಟ ನೆಲದಲ್ಲಿ ಆಮೇಲೆ ಯಾರು ಬಿತ್ತಿದರು, ಯಾರು ಕೊಯ್ದರು ಎಂಬುದು ನಮ್ಮ ಕಣ್ಣೆದುರೇ ಇದೆ.

ರಕ್ಷಣಾ ಸಚಿವರಾಗಿ ಜಾರ್ಜ್ ಸಿಯಾಚಿನ್ ಹಿಮದ ಮೇಲಿನ ಸೈನಿಕರನ್ನು ನೋಡಲು ಮತ್ತೆ ಮತ್ತೆ ಹೋದರು, ಅಧಿಕಾರಿಗಳನ್ನೂ ಅಟ್ಟಿದರು. ಅಣುಬಾಂಬಿನ ವಿರುದ್ಧ ಮಾತಾಡುತ್ತಿದ್ದವರು 1998ರಲ್ಲಿ ಪೋಖ್ರಾನ್ ಸ್ಫೋಟವನ್ನು ಸಮರ್ಥಿಸಿದರು. 1999ರ ಜನವರಿಯಲ್ಲಿ ಒರಿಸ್ಸಾದಲ್ಲಿ ಪಾದ್ರಿ ಗ್ರಹಾಂ ಸ್ಟೇನ್ಸ್ ಮತ್ತು ಇಬ್ಬರು ಎಳೆಯ ಮಕ್ಕಳನ್ನು ಜೀಪಿನಲ್ಲೇ ಸುಟ್ಟಾಗ, ಸರ್ಕಾರ ಕಳುಹಿಸಿದ ಸಚಿವರ ತಂಡದಲ್ಲಿ ಜಾರ್ಜ್ ಇದ್ದರು. ಅದರ ಹಿಂದೆ ವಿದೇಶಿ ಸಂಚು ಇರಬಹುದು ಎಂದು ಆ ತಂಡ ಹೇಳಿತು. ಸೆಮಿನರಿ ಬಿಟ್ಟುಬಂದ ಹುಡುಗ ಇಷ್ಟು ದೂರ ಬರಬೇಕಿತ್ತೇ ಎಂದು ಮಂಗಳೂರಿನ ಕ್ರೈಸ್ತರು ನೊಂದುಕೊಂಡರು. 2001ರ ತೆಹಲ್ಕಾ ಟೇಪುಗಳ ನಂತರ ರಾಜೀನಾಮೆ ಕೊಟ್ಟು, ತಿಂಗಳುಗಳಲ್ಲೇ ಮರಳಿ ಬಂದರು. ಶವಪೆಟ್ಟಿಗೆ ಖರೀದಿಯ ಆರೋಪ ಮಾತ್ರ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಅದನ್ನು ಹಿಡಿದು ಅವರನ್ನು ಹೀಯಾಳಿಸಿದ್ದು ಅನ್ಯಾಯ.

ಇನ್ನು ಗುಜರಾತ್. 2002ರ ಮಾರ್ಚ್ ಆರಂಭದಲ್ಲಿ ಅಹಮದಾಬಾದ್ ಉರಿಯುತ್ತಿದ್ದಾಗ ಅಲ್ಲಿಗೆ ಹೋದ ಕೇಂದ್ರದ ಹಿರಿಯ ಸಚಿವ ಜಾರ್ಜ್. ಸೇನಾ ತುಕಡಿಗಳ ನೇತೃತ್ವ ವಹಿಸಿದ್ದ ಜನರಲ್ ಜಮೀರುದ್ದೀನ್ ಷಾ 2018ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಬರೆದ ಪ್ರಕಾರ, ಮಾರ್ಚ್ 1ರ ನಡುರಾತ್ರಿ ದಾಟಿದ ಮೇಲೆ ಅವರು ಮುಖ್ಯಮಂತ್ರಿಯ ಬಳಿ ವಾಹನಗಳನ್ನು ಕೇಳಿದಾಗ ಜಾರ್ಜ್ ಅಲ್ಲೇ ಇದ್ದರು. ವಾಹನಗಳು ಸಿಕ್ಕದೆ ಸೈನಿಕರು ವಿಮಾನನಿಲ್ದಾಣದಲ್ಲೇ ಅಮೂಲ್ಯ ಗಂಟೆಗಳನ್ನು ಕಳೆದರು. ವಿಳಂಬವಾಗಿಲ್ಲ ಎಂಬುದು ವಿಶೇಷ ತನಿಖಾ ತಂಡದ ನಿಲುವಾಗಿತ್ತು, ಜನರಲ್ ಅದನ್ನು ಒಪ್ಪಲಿಲ್ಲ. ಜಾರ್ಜ್ ಅಂದು ಬೀದಿಗಿಳಿದು ಓಡಾಡಿದರು, ಶಾಂತಿಗೆ ಮನವಿ ಮಾಡಿದರು. ಅದನ್ನು ಅಲ್ಲಗಳೆಯುವುದು ಸರಿಯಲ್ಲ.

ಆದರೆ ಏಪ್ರಿಲ್ 30ರಂದು ಲೋಕಸಭೆಯಲ್ಲಿ, ಹೆಂಗಸರ ಮೇಲೆ ನಡೆದ ಅತ್ಯಾಚಾರ, ಬಸುರಿಯ ಹೊಟ್ಟೆ ಸೀಳಿದ ಸಂಗತಿಗಳ ಬಗ್ಗೆ ವಿರೋಧ ಪಕ್ಷದವರು ಮಾತಾಡಿದಾಗ, ಇದೇನು ಈ ದೇಶದಲ್ಲಿ ಮೊದಲ ಸಲ ನಡೆಯುತ್ತಿದೆಯೇ, 1984ರಲ್ಲಿ ದಿಲ್ಲಿಯಲ್ಲಿ ನಡೆಯಲಿಲ್ಲವೇ ಎಂಬ ಅರ್ಥದಲ್ಲಿ ಉತ್ತರ ಕೊಟ್ಟವರೂ ಇದೇ ಜಾರ್ಜ್. 1984ರ ಸಿಖ್ಖರ ಹತ್ಯೆ ನಡೆದದ್ದು ನಿಜ, ಕಾಂಗ್ರೆಸ್ಸಿನವರ ಕೈ ಅದರಲ್ಲಿದ್ದದ್ದೂ ನಿಜ. ಆ ಹತ್ಯೆಯನ್ನು ಖಂಡಿಸುವ ಹಕ್ಕು ಜಾರ್ಜ್‌ಗಿತ್ತು. ಒಬ್ಬರ ಹೆಣವನ್ನು ಇನ್ನೊಬ್ಬರ ಹೆಣದ ಲೆಕ್ಕಕ್ಕೆ ಜಮೆ ಮಾಡುವ ಹಕ್ಕು ಇರಲಿಲ್ಲ. ಆ ದಿನ ಸದನದಲ್ಲಿ ನಿಂತದ್ದು ಬರೀ ಸಚಿವನಲ್ಲ; ರೈಲ್ವೆ ಕ್ವಾರ್ಟರ್ಸಿನ ಹೆಂಗಸರ ಪರವಾಗಿ, ತನ್ನಿಂದಾಗಿ ಜೈಲಿನಲ್ಲಿ ಉಸಿರುಗಟ್ಟಿದ ಸ್ನೇಹಲತಾರ ಪರವಾಗಿ ದೇಶಕ್ಕೆ ಉತ್ತರ ಕೇಳಿದ್ದವನು. ಬೇರೆ ಯಾವ ಮಂತ್ರಿ ಆ ಮಾತು ಆಡಿದ್ದರೂ ನಮಗೆ ಅಷ್ಟು ನೋಯುತ್ತಿರಲಿಲ್ಲ.

ಲಿಮಯೆ ಆ ಹೊತ್ತಿಗೆ ಇರಲಿಲ್ಲ, 1995ರಲ್ಲೇ ತೀರಿಕೊಂಡಿದ್ದರು. ಅವರು ಅಧಿಕಾರದ ರಾಜಕೀಯ ಬಿಟ್ಟು ಓದು ಬರಹದಲ್ಲಿ ಉಳಿದು, ಸಂಘ ಪರಿವಾರದ ಬಗ್ಗೆ ಎಚ್ಚರಿಸುತ್ತಲೇ ಹೋದರು. ಜಾರ್ಜ್ ಕೊನೆಯವರೆಗೆ ಚುನಾವಣೆಯ ಮನುಷ್ಯ. 2004ರಲ್ಲಿ ಮುಜಫ್ಫರ್‌ಪುರದಿಂದ ಮತ್ತೆ ಗೆದ್ದರು. 2009ರಲ್ಲಿ ಅನಾರೋಗ್ಯದ ಕಾರಣ ಕೊಟ್ಟು ಅವರದೇ ಪಕ್ಷ ಟಿಕೆಟ್ ನಿರಾಕರಿಸಿತು. ಪಕ್ಷೇತರನಾಗಿ ನಿಂತು, ಒಮ್ಮೆ ಮೂರು ಲಕ್ಷ ಮತಗಳ ಅಂತರ ಕೊಟ್ಟ ಅದೇ ಊರಿನಲ್ಲಿ ಠೇವಣಿ ಕಳೆದುಕೊಂಡರು. ಆಮೇಲೆ ಒಂದು ವರ್ಷ ರಾಜ್ಯಸಭೆಯಲ್ಲಿದ್ದರು. ಅಷ್ಟು ಹೊತ್ತಿಗೆ ಮಾತು ಅವರ ಕೈಬಿಡತೊಡಗಿತ್ತು. 2020ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ಅವರ ದೇಹವನ್ನು ದಿಲ್ಲಿಯ ಲೋಧಿ ರಸ್ತೆಯಲ್ಲಿ ದಹಿಸಿ, ಬೂದಿಯನ್ನು ಪೃಥ್ವಿರಾಜ್ ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ಹೂಳಿದರು.